ಹರಳೆಣ್ಣೆ ಸೀಸೆಯಲ್ಲಿದ್ದ ಏರ್ ಗನ್ ಎಣ್ಣೆ

"ಅಯ್ಯೋ, ಬುಡವ್ವಾ! ಅದು ಹರಳೆಣ್ಣೆ ಅಲ್ಲ ಕಣವ್ವ, ಏರ್ ಗನ್ನಿಗೆ ಬುಡೋ ಎಣ್ಣೆ!"

ಮದ್ದೂರಿನ ಟೈರ್ ಅಂಗಡಿಯವನು ಹೀಗೆ ಕೂಗಿದಾಗ ನನ್ನ ಅಮ್ಮನ ಎಣ್ಣೆಬೆರಳು ನನ್ನ ಪುಟ್ಟ ಮಗಳ ತುಟಿಯ ಹತ್ತಿರವಿತ್ತು. ಆತ ನಮ್ಮ ಕಾರಿನ ಚಕ್ರದ ನಟ್ಟು ಬಿಚ್ಚುತ್ತಿದ್ದ, ಗಾಳಿಯ ಒತ್ತಡದಿಂದ ತಿರುಗುವ ಗನ್ನನ್ನು ಅಲ್ಲೇ ಬಿಟ್ಟು ಓಡಿಬಂದು ಅಮ್ಮನ ಕೈ ಹಿಡಿದುಕೊಂಡ. ಹೊಟ್ಟೆನೋವಿನಿಂದ ಅಳುತ್ತಿದ್ದ ಏಳು ತಿಂಗಳ ಮಗುವಿನ ಹೊಕ್ಕುಳಿಗೆ ಅಮ್ಮ ಆಗಲೇ ಎರಡು ಹನಿ ಸವರಿದ್ದರು. ಆಮೇಲೆ ನಾಲಿಗೆಗೂ ಒಂಚೂರು ನೆಕ್ಕಿಸುವುದು ನಮ್ಮಲ್ಲಿ ರೂಢಿ.

"ಬಾಯ್ಗೇನೂ ಓಗಿಲ್ಲ ತಾನೇ?" ಎಂದು ಆತ ಕೇಳಿದ.

"ಇಲ್ಲ. ಔಸ್ದಿ ಸೀಸೇಲಿ ಮಿಸೀನ್ ಎಣ್ಣೆ ಮಡಗಿದ್ದೀಯಲ್ಲಾ, ಏನ್ಲಾ ನಿನ್ನ ಬುದ್ಧಿ!" ಎಂದು ಅಮ್ಮ ಗದರಿದರು.

ಆತ ಸೀಸೆಯ ಮೇಲಿನ ಹರಳೆಣ್ಣೆಯ ಚೀಟಿಯನ್ನು ಕಿತ್ತುಹಾಕಿ, ಸೋಪು ನೀರು ತಂದುಕೊಟ್ಟ. ಮಗುವಿನ ಹೊಟ್ಟೆ ತೊಳೆದು ಹತ್ತಿರದ ಡಾಕ್ಟರ ಬಳಿಗೆ ಓಡಿದೆವು. ಅವರು ಪರೀಕ್ಷಿಸಿ, ಭಯವಿಲ್ಲ ಎಂದ ಮೇಲೆಯೇ ನನಗೆ ಉಸಿರು ಬಂದದ್ದು.

ಅಂಗಡಿಯಲ್ಲಿದ್ದ ಆ ಸೀಸೆಯನ್ನು ಅಮ್ಮನೇ ಎತ್ತಿಕೊಂಡರು ಎಂದು ನನ್ನ ನೆನಪು. "ಚೀಟಿ ಓದಿ ಕೈಗೆ ಕೊಟ್ಟೋಳು ನೀನೇ ಕಣೇ" ಎನ್ನುತ್ತಾರೆ ಅವರು. ಅವರ ಮಾತೇ ನಿಜವಿರಬೇಕು. ಕನ್ನಡಕವಿಲ್ಲದೆ ಅಮ್ಮನಿಗೆ ಅಕ್ಷರ ಕಾಣುವುದಿಲ್ಲ, ಆ ದಿನ ಅದು ಮನೆಯಲ್ಲೇ ಉಳಿದಿತ್ತು.