ಜೋಯಿಡಾದಿಂದ ಇಂದೂರಿಗೆ ಒಂದು ಕುದುರೆ

ಬೆಳಗಿನ ಮಂಜಿನಲ್ಲಿ ದಾಂಡೇಲಿ ಬಿಟ್ಟಾಗ ಪಿಕಪ್ ಗಾಡಿಯ ಹಿಂದೆ ಎರಡು ಹೊರೆ ಹುಲ್ಲು, ಮುಂದೆ ಇಬ್ಬರು ಕೆಲಸಗೇಡಿಗಳು ಇದ್ದೆವು. ಒಬ್ಬರು ನನ್ನ ಅಮ್ಮನ ಅಣ್ಣ, ಗ್ಯಾರೇಜಿನ ಇಸ್ಮಾಯಿಲ್ ಮಾಮು. ಬೇರೆಯವರ ಗಾಡಿಯ ಸದ್ದು ಕೇಳಿಯೇ ರೋಗ ಹೇಳುವ ಇವರ ಸ್ವಂತ ಗಾಡಿ ಮಾತ್ರ ನೂಕದೆ ಚಾಲೂ ಆಗುವುದಿಲ್ಲ. ಇನ್ನೊಬ್ಬ ನಾನು. ಊರಲ್ಲಿ ನನ್ನನ್ನು ‘ರೇಡಿಯೊ’ ಎನ್ನುತ್ತಾರೆ. ಮಂತ್ರಿಯಿಂದ ಹಿಡಿದು ಮೊಸರು ಮಾರುವವಳವರೆಗೆ ಯಾರ ದನಿ ಬೇಕಾದರೂ ತೆಗೆಯುತ್ತೇನೆ. ಆ ವಿದ್ಯೆಯಿಂದ ಊಟಕ್ಕಿಂತ ಒದೆ ತಿಂದದ್ದೇ ಹೆಚ್ಚು.

ಮುಂಡಗೋಡ ತಾಲೂಕಿನ ಇಂದೂರಿನ ಶಿವಲಿಂಗಪ್ಪಗೌಡರು ಜೋಯಿಡಾದ ರೆಸಾರ್ಟೊಂದರಿಂದ ಕುದುರೆ ಕೊಂಡಿದ್ದರು. ಅದನ್ನು ಅವರ ಹೊಲಕ್ಕೆ ಮುಟ್ಟಿಸುವುದು ಮಾಮುವಿನ ಬಾಡಿಗೆ. ಮರುದಿನ ಅಲ್ಲಿ ಗಾಡಿ ಓಟದ ಶರ್ಯತ್ತು. ಅದರ ಮೈಕು ಹಿಡಿಯುವುದು ನನ್ನ ಕೆಲಸ. ಈ ಶರ್ಯತ್ತಿನಲ್ಲಿ ಒಂದೇ ಗಾಡಿಗೆ ಒಂದು ಕಡೆ ಎತ್ತು, ಇನ್ನೊಂದು ಕಡೆ ಕುದುರೆ ಕಟ್ಟುತ್ತಾರೆ. ಎರಡರ ಹೆಜ್ಜೆ ಹೊಂದುವುದಿಲ್ಲ. ಹೊಂದಿಸಿ ಓಡಿಸುವವನೇ ಗಂಡಸು ಎಂದು ನಮ್ಮ ಕಡೆಯ ನಂಬಿಕೆ. ಈ ಲೆಕ್ಕದಲ್ಲಿ ನಾನು ಏನೆಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಜೋಯಿಡಾ ಮುಟ್ಟುವಷ್ಟರಲ್ಲಿ ಬಿಸಿಲು ಬಂದಿತ್ತು. ಪ್ರವಾಸಿಗರಿಗೆಲ್ಲ ಈಗ ಜೀಪು ಬೇಕು, ಹೊಳೆಯಲ್ಲಿ ರಬ್ಬರ್ ದೋಣಿ ಬೇಕು. ಕುದುರೆಯ ಮೇಲೆ ಕೂರುವವರಿಲ್ಲ ಎಂದು ರೆಸಾರ್ಟಿನವರು ಅದನ್ನು ಮಾರಿದ್ದರು. ಕಂದು ಬಣ್ಣದ ಎತ್ತರದ ಗಂಡು ಕುದುರೆ, ಪಕ್ಕೆಲುಬು ಕಾಣುತ್ತಿತ್ತು. ಮುಂಗಾಲಿನ ಕೆಳಗೆ ಕೂದಲು ಹುಟ್ಟದ ಹಳೆಯ ಸುಟ್ಟ ಕಲೆಗಳು. ಅದನ್ನು ನೋಡಿಕೊಳ್ಳುತ್ತಿದ್ದ ದೇವಕಿ ಬಾಯಿ ಕೊಂಕಣಿಯವಳು, ರೆಸಾರ್ಟಿನ ಪಕ್ಕದಲ್ಲೇ ಮನೆ. ಕಲೆಗಳನ್ನು ತಾನೇ ತೋರಿಸಿದಳು.

“ದೊಡ್ಡ ಶಹರದಲ್ಲಿ ರೇಸಿಗೆ ಇತ್ತು ಇವ. ಬರೇ ಓಡೂದಲ್ಲ, ಬೇಲಿ ಹಾರೂ ರೇಸು. ಬಿದ್ದ. ಕಾಲಿಗೆ ಬರೆ ಹಾಕಿ ಮತ್ತೆ ಹಾರಿಸಿದ್ರು. ಮತ್ತೆ ಬಿದ್ದ. ಆಮೇಲೆ ಒಬ್ಬರಿಂದ ಒಬ್ಬರಿಗೆ ಮಾರಿ ಮಾರಿ ಇಲ್ಲಿಗೆ ಬಂದ. ಜೋರು ಓಡಿಸ್ಬೇಡಿ ಹಾಂ.”

“ನಮ್ದು ಬರೇ ಬಾಡಿಗಿ, ಬಾಯಿ,” ಎಂದರು ಮಾಮು.

“ಗೌಡರಿಗೆ ಹೇಳಿ. ಓಡೂದಕ್ಕೆ ಆಗೂದಿಲ್ಲ ಅಂದ್ರೆ ವಾಪಸ್ ತನ್ನಿ. ಹುಲ್ಲಿದೆ ನನ್ನ ಹತ್ರ.”

ಗಾಡಿಗೆ ಹತ್ತಿಸಲು ಇಟ್ಟ ಹಲಗೆಯನ್ನು ಕುದುರೆ ಹತ್ತಲಿಲ್ಲ. ನಾನು ನೂಕಿದೆ, ಮಾಮು ಜಗ್ಗಿದರು, ಅದು ನಮ್ಮಿಬ್ಬರನ್ನೂ ಅಳೆದು ನೋಡಿತು. ದೇವಕಿ ಬಾಯಿ ಮುಂದೆ ನಿಂತು “ಯೋ ಪುತಾ, ಯೋ. ಭಿಯೆನಾಕಾ” ಎಂದಳು. ಬಾ ಮಗನೇ, ಹೆದರಬೇಡ ಎಂದು. ಹತ್ತಿಬಿಟ್ಟಿತು. ಗಾಡಿ ಗೇಟು ದಾಟುವಷ್ಟರಲ್ಲಿ ಆ ದನಿ ನನ್ನ ಗಂಟಲಿಗೆ ಬಂದಿತ್ತು. “ಭಿಯೆನಾಕಾ ಪುತಾ” ಎಂದೆ, ಅವಳ ಹಾಗೆಯೇ ಕೊನೆಗೆ ಸ್ವಲ್ಪ ಎಳೆದು. ಹಿಂದಿನ ಕಿಂಡಿಯಲ್ಲಿ ಕುದುರೆಯ ಎರಡೂ ಕಿವಿ ನನ್ನ ಕಡೆ ತಿರುಗಿದವು.

“ಬಿಡೋ ಹಲ್ಕಟ್, ಅದನ್ನರ ಬಿಡು,” ಎಂದರು ಮಾಮು.

ತಿರುಗಿ ದಾಂಡೇಲಿ ದಾಟಿ ಹಳಿಯಾಳದ ರಸ್ತೆಗೆ ಬಂದಾಗ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನ ಗಾರ್ಡ್ ನಮ್ಮ ಮುಂದೆ ಕಂಬ ಇಳಿಸಿದ. ಬಿಳಿ ಬಣ್ಣ ಬಳಿದ ಅಡ್ಡ ಕಂಬ. ಅದು ಇಳಿದದ್ದೇ ತಡ, ಹಿಂದೆ ಕುದುರೆ ಕಿವಿ ಮುಂದಕ್ಕೆ ಚಿಮ್ಮಿಸಿ, ಹಿಂಗಾಲಿನ ಮೇಲೆ ಭಾರ ಹಾಕಿ ಮುಂಗಾಲು ಎತ್ತಿತು. ಗಾಡಿ ಒಂದು ಬದಿಗೆ ವಾಲಿತು. ಹಗ್ಗ ಗಟ್ಟಿಯಿದ್ದದ್ದರಿಂದ ಉಳಿದೆವು.

“ಏನ್ರೀ ಸಾಹೇಬ್ರ, ಗೇಟ್ ತಗಿಯೂ ಮಟಾ ತಡಕೊಳ್ಳಾಂಗಿಲ್ಲೇನು ನಿಮ್ಮ ಪ್ಯಾಸೆಂಜರ್?” ಎಂದ ಗಾರ್ಡ್.

“ಗೇಟ್ ಕಂಡ್ರ ಹಾರ್ತೈತ್ರೀ ಇದು. ಹಿಂದಕ ರೇಸ್ ಆಡೇತಿ,” ಎಂದರು ಮಾಮು.

ಹಳಿಯಾಳದ ಚಹಾದಂಗಡಿಯಲ್ಲಿ ನಾನು ಕುದುರೆ, ಮಾಮು, ಗಾರ್ಡ್ ಮೂವರನ್ನೂ ಮಾಡಿ ತೋರಿಸಿದೆ. ಜನ ಚಹಾ ಚೆಲ್ಲಿಕೊಂಡು ನಕ್ಕರು. ಸಾಂಬ್ರಾಣಿ ಎಂಬ ಊರಲ್ಲಿ ಕುದುರೆಗೆ ಕೊಳವೆಬಾವಿಯ ನೀರು ಕುಡಿಸಿದೆವು. ಅಲ್ಲಿಂದ ಕಾಡಿನ ತಿರುವುಗಳಲ್ಲಿ ಅದು ನಿಂತಲ್ಲೇ ಬೆವೆತು ನಡುಗುತ್ತಿತ್ತು. ನನ್ನ ನಗೆಯೂ ಅಷ್ಟಕ್ಕೇ ಮುಗಿಯಿತು. ಮುಂಡಗೋಡದ ಟಿಬೆಟನ್ ಕಾಲೊನಿ ಹತ್ತಿರ ಬಂದಾಗ ಹಸಿವು. ಎಲೆಕೋಸು ತುಂಬಿದ ಮೋಮೊ ಕಡುಬು ತಿಂದೆವು. ಮಾಮು ಅದರ ಹೊಟ್ಟೆ ಬಗೆದು ಎಲೆಕೋಸೇ ಎಂದು ಖಾತ್ರಿ ಮಾಡಿಕೊಂಡೇ ಬಾಯಿಗಿಟ್ಟರು. ಅಂಗಡಿಯ ಮುದುಕ ಹೊರಗೆ ಬಂದು ಕುದುರೆಯ ಮೂತಿ ಸವರಿದ. “ವಯಸ್ಸಾಗೇತಿ. ಮೇಯಾಕ ಬಿಡ್ರಿ ಇನ್ನ,” ಎಂದ.

“ನಂದಲ್ಲರೀ,” ಎಂದರು ಮಾಮು. ಆ ದಿನ ಅವರು ಹೆಚ್ಚು ಸಲ ಹೇಳಿದ ಮಾತು ಅದೇ.

ಶಿವಲಿಂಗಪ್ಪಗೌಡರು ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಿತ್ತು. ಅವರು ಗಾಡಿ ನಿಲ್ಲುವ ಮೊದಲೇ ಬೆಲ್ಲ ಹಿಡಿದು ನಿಂತಿದ್ದರು. ಕುದುರೆಯ ಹಣೆಗೆ ವಿಭೂತಿ ಹಚ್ಚಿದರು. ರಾತ್ರಿ ತಾವು ಹೊದೆಯುವ ಕಂಬಳಿ ಅದಕ್ಕೆ ಹೊದಿಸಿದರು. ದೇವಕಿ ಬಾಯಿಯ ಮಾತನ್ನೆಲ್ಲ ಅವರಿಗೆ ಹೇಳಿದೆ.

“ನಾಳಿ ಒಂದ ಓಟ, ತಮ್ಮಾ. ನಮ್ಮ ಎತ್ತಿಗೆ ಜೋಡಿ ಇಲ್ಲಂತ ಹೋದ ವರ್ಷ ಮಂದಿ ನಕ್ಕಾರ. ಆಮ್ಯಾಲ ಮನಿ ಮುಂದ ಕಟ್ಟಿ ಮಗನಂಗ ಸಾಕ್ತೇನಿ.”

“ಗೇಟ್ ಕಂಡ್ರ ಹಾರ್ತೈತ್ರೀ ಗೌಡ್ರ,” ಎಂದರು ಮಾಮು. ನಾನು ಚೆಕ್‌ಪೋಸ್ಟಿನ ಆಟ ಮತ್ತೊಮ್ಮೆ ಮಾಡಿದೆ.

ಗೌಡರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನನ್ನ ಹೊಲದಾಗ ಗೇಟ್ ಎಲ್ಲೈತೋ ಸಾಹೇಬ!” ಸಂಜೆ ಎತ್ತಿನ ಜೊತೆ ಕಟ್ಟಿ ಹೊಲದ ಸುತ್ತ ಓಡಿಸಿದರು. ನೆಟ್ಟಗೆ ಓಡಿತು.

ಬೆಳಿಗ್ಗೆ ಗೌಡರೇ ಕೊನೆಯ ಗೆರೆ ಹಾಕಿಸಿದರು. ಹಿಂದಿನ ವರ್ಷ ಗೆರೆ ತೆಳುವಾಗಿ, ಯಾರು ಮೊದಲು ದಾಟಿದರು ಎಂದು ಜಗಳವಾಗಿತ್ತಂತೆ. ಹಾಗಾಗಿ ಈ ಸಲ ಚೀಲ ಚೀಲ ಸುಣ್ಣದ ಪುಡಿ ಸುರಿಸಿ, ಕರಿ ಮಣ್ಣಿನ ಮೇಲೆ ಬಹಳ ದೂರದಿಂದಲೂ ಹೊಳೆಯುವ ದಪ್ಪ ಬಿಳಿ ಪಟ್ಟಿ ಎಳೆಸಿದರು. ನಾನು ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನಿಂತು ನಿಯಮ ಓದಿದೆ: ಬಾರುಕೋಲು ಬಳಸುವಂತಿಲ್ಲ, ಮೊಳೆ ಚುಚ್ಚುವಂತಿಲ್ಲ, ಪ್ರಾಣಿಗೆ ಹಿಂಸೆಯಾಗುವಂತಿಲ್ಲ. ಓಡಿಸುವವರು ಬಾರುಕೋಲನ್ನು ಬೆನ್ನ ಹಿಂದೆ ಹಿಡಿದು ಭಕ್ತಿಯಿಂದ ಕೇಳಿದರು.

ಗೌಡರು ತಾವೇ ಹತ್ತಿ ಓಡಿಸುತ್ತಿದ್ದ ಗಾಡಿ ಮುಂದಿತ್ತು. ನಾನು ಮೈಕಿನಲ್ಲಿ ಕಿರುಚುತ್ತಿದ್ದೆ. ಕುದುರೆಯ ಕಿವಿ ಮುಂದಕ್ಕೆ ಚಿಮ್ಮಿದ್ದು ಟ್ರಾಲಿಯ ಮೇಲಿಂದ ಕಂಡಿತು. ಚೆಕ್‌ಪೋಸ್ಟಿನಲ್ಲಿ ಕಂಡ ಹಾಗೆಯೇ. ಗೌಡರ ಹೆಸರು ಹೇಳುತ್ತಿದ್ದವನು “ಹಗ್ಗಾ! ಹಗ್ಗಾ!” ಎಂದೆ. ಯಾರಿಗೆ ಹೇಳಿದೆನೋ, ಯಾವ ಹಗ್ಗವೋ, ನನಗೇ ಗೊತ್ತಿಲ್ಲ. ಬಿಳಿ ಪಟ್ಟಿಯ ಮುಂದೆ ಅದು ಮೈ ಕೂಡಿಸಿ ಹಾರಿತು. ಎಂದೋ ಹೊಡೆದು ಕಲಿಸಿದ್ದನ್ನು ಅಚ್ಚುಕಟ್ಟಾಗಿ ಮಾಡಿತು. ಎತ್ತಿಗೆ ಹಾರಲು ಯಾರೂ ಕಲಿಸಿರಲಿಲ್ಲ. ನೊಗ ತಿರುಚಿತು, ಗೌಡರು ಮಣ್ಣಿಗೆ ಬಿದ್ದರು, ಕುದುರೆ ಸುಣ್ಣದ ಆಚೆ ಮುಂಗಾಲು ಮಡಚಿ ಕುಸಿಯಿತು. ಎಲುಬು ಮುರಿದ ಸದ್ದು ಮೈಕಿಗೂ ಕೇಳಿತೋ ಏನೋ.

ಜನ ಮೊದಲು ಶಿಳ್ಳೆ ಹಾಕಿದರು. ಆಮೇಲೆ ವಾದ ಎದ್ದಿತು.

“ಕುದುರಿ ದಾಟೇತಿ, ಗೆದ್ದಾಂಗ!”

“ಎತ್ತು ಈ ಕಡೆ ಐತಲ್ಲೋ, ಹೆಂಗ ಗೆದ್ದಾಂಗ?”

ಭುಜ ಹಿಡಿದುಕೊಂಡು ಎದ್ದ ಗೌಡರು “ಬಾಯಿ ಮುಚ್ರೋ!” ಎಂದು ಒದರಿದರು.

ಮುಂಡಗೋಡದಿಂದ ಪಶುವೈದ್ಯರು ಬೈಕಿನಲ್ಲಿ ಬಂದರು. ಕಾಲು ನೋಡಿದರು, ಗೌಡರ ಮುಖ ನೋಡಿದರು. “ಕೂಡೂದಿಲ್ಲರೀ ಇದು. ಸೂಜಿ ಹಾಕಿ ಕಾಯಂ ಮಲಗಿಸಿಬಿಡೂದ ಛಲೋ.” ಗೌಡರು ತಲೆಯಾಡಿಸಿದರು. ಆದರೆ ಕುದುರೆ ಬಿಡಲಿಲ್ಲ. ಮುರಿದ ಕಾಲು ಊರಿ ಏಳಲು ನೋಡುವುದು, ಬೀಳುವುದು. ಸೂಜಿ ಹಿಡಿದು ಹತ್ತಿರ ಹೋಗಲು ಆಗಲಿಲ್ಲ.

ಮಾಮು ನನ್ನ ಕಡೆ ತಿರುಗಿದರು. “ರೇಡಿಯೊ. ಆಕೀ ದನಿ ತಗಿ.”

ನಾನು ಅದರ ತಲೆಯ ಹತ್ತಿರ ಕೂತೆ. “ಭಿಯೆನಾಕಾ ಪುತಾ,” ಎಂದೆ, ಕೊನೆಗೆ ಸ್ವಲ್ಪ ಎಳೆದು. ಒದ್ದಾಟ ನಿಂತಿತು. ಮತ್ತೆ ಹೇಳಿದೆ. ಕಿವಿ ತಿರುಗಿತು. ಅದು ನನ್ನನ್ನು ನೋಡಲಿಲ್ಲ. ನನ್ನ ಹೆಗಲಿನ ಮೇಲಿಂದ, ನಾವು ಬಂದ ರಸ್ತೆಯ ಕಡೆ ಅವಳನ್ನು ಹುಡುಕಿತು. ವೈದ್ಯರು ಮುಗಿಸಿ ನನ್ನ ಬೆನ್ನು ತಟ್ಟುವವರೆಗೂ ಹೇಳುತ್ತಲೇ ಇದ್ದೆ. ಗೌಡರು ರಾತ್ರಿಯ ಅದೇ ಕಂಬಳಿ ತಂದು ಹೊದಿಸಿದರು.

ಮರುದಿನ ಚೆಕ್‌ಪೋಸ್ಟಿನಲ್ಲಿ ಅದೇ ಗಾರ್ಡ್ ಇದ್ದ. “ಎಲ್ಲಿ ಬಿಟ್ರಿ ನಿಮ್ಮ ಪ್ಯಾಸೆಂಜರ್?” ಎಂದ. ಮಾಮು “ಗೇಟ್ ತಗೀರಿ” ಎಂದರು. ದಾಂಡೇಲಿಯಲ್ಲಿ ನಮ್ಮ ಓಣಿ ಬಂದರೂ ಗಾಡಿ ತಿರುಗಲಿಲ್ಲ.

“ಫೋನಿನ್ಯಾಗ ಹೇಳೂ ಮಾತಲ್ಲ ಅದು,” ಎಂದರು ಮಾಮು.

ಜೋಯಿಡಾ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಮಾಮುವಿನ ಗಾಡಿಯ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ದೇವಕಿ ಬಾಯಿ ಆ ಸದ್ದಿಗೇ ಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ನೆನೆಸಿದ ಹುರುಳಿಯ ಬಕೆಟ್ಟು. ಮುಂದೆ ಕೂತ ನಮ್ಮಿಬ್ಬರ ಮುಖ ನೋಡದೆ, ನೇರವಾಗಿ ಗಾಡಿಯ ಹಿಂಬದಿಗೆ ನಡೆದಳು.

“ಆಯ್ಲೋ ರೇ ಪುತಾ?” ಬಂದೆಯಾ ಮಗನೇ, ಎಂದಳು.

ಮಾಮು ಇಂಜಿನ್ ಆರಿಸಿದರು.