ಡೈನಾ ಓಡಿಸಿದರೆ ಮಾತ್ರ ಕೆಡುವ ಬ್ರೇಕು

ಬಹರೈನಿನಲ್ಲಿ ನಮ್ಮವರ ಕಾರು ಕೆಟ್ಟರೆ ಟುಬ್ಲಿಯ ಚೆನ್ನಪ್ಪನ ಗ್ಯಾರೇಜಿಗೆ ಹೋಗಬೇಕು. ಬಂಟ್ವಾಳದ ಕಡೆಯವನು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕುರ್ಚಿ ಸಾಗಿಸಲು ವ್ಯಾನ್ ಕೊಡುತ್ತಾನೆ. ಅವನನ್ನು ಬಿಟ್ಟು ಬೇರೆ ಕಡೆ ಹೋದರೆ ಎದುರು ಸಿಕ್ಕಾಗ ಮುಖ ಎಲ್ಲಿಡುವುದು ಎಂಬ ಸಂಕೋಚದಲ್ಲೇ ಅರ್ಧ ಜನ ಅವನ ಗಿರಾಕಿಗಳು. ಇನ್ನೊಂದು ಪದ್ಧತಿಯೂ ಇದೆ. ಕಾರನ್ನು ಯಾರೇ ಓಡಿಸಲಿ, ರಿಪೇರಿಯ ಮಾತುಕತೆ ಗಂಡನ ಜೊತೆ. ಹೆಂಡತಿ ಕೀ ಕೊಟ್ಟು ಹೋಗಬೇಕು, ಫೋನು ಗಂಡನಿಗೆ ಬರುತ್ತದೆ. ಇದನ್ನು ಯಾರೂ ನಿಯಮ ಅಂತ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಹರಿದು ಹಾಕಬಹುದಿತ್ತು.

ಡೈನಾ ಶಿರ್ವದವಳು, ಇಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಮನೆ ಝಿಂಜ್‌ನಲ್ಲಿ. ಗಂಡ ರಸೆಲ್ ಹೋಟೆಲೊಂದರ ಅಡುಗೆಮನೆಯಲ್ಲಿ ಸೂಪರ್‌ವೈಸರ್. ಡೈನಾಳ ಡ್ಯೂಟಿ ಮಧ್ಯಾಹ್ನಕ್ಕೆ ಶುರುವಾಗುವುದರಿಂದ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದು ಅವಳ ಪಾಲು, ವಾಪಸು ಕರೆತರುವುದು ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗುವ ಕೆಳಗಿನ ಫ್ಲಾಟಿನ ಅಪೇಕ್ಷಾಳ ಪಾಲು. ಕಾರಿನಲ್ಲಿ ಡೈನಾಳ ಮಗಳು ಸೋನಲ್, ಪಕ್ಕದ ಕಟ್ಟಡದ ಅಸ್ನಾ, ಮತ್ತೆ ಅಪೇಕ್ಷಾಳ ಮಗಳು ಸ್ಪಂದನಾ. ಒಂದನೇ ಕ್ಲಾಸಿನ ಈ ಸ್ಪಂದನಾಗೆ ಕಾರು ಸ್ವಲ್ಪ ಜಗ್ಗಿದರೂ ವಾಂತಿ.

"ಸ್ವಲ್ಪ ಸ್ಮೂತಾಗಿ ಓಡ್ಸಿ ಡೈನಾ, ಪ್ಲೀಸ್" ಎಂದಿದ್ದಳು ಅಪೇಕ್ಷಾ, ಬೆಂಗಳೂರಿನ ಹುಡುಗಿ. "ಇವಳು ಯೂನಿಫಾರ್ಮ್ ಮೇಲೇ ಮಾಡ್ಕೊಂಬಿಡ್ತಾಳೆ."

ಅಂದಿನಿಂದ ಡೈನಾ ದೂರದಲ್ಲೇ ಸಿಗ್ನಲ್ ನೋಡಿ, ಹಗುರವಾಗಿ ಬ್ರೇಕ್ ಒತ್ತಿ, ಮಗುವಿನ ತಲೆ ಅಲುಗದಂತೆ ನಿಲ್ಲಿಸುವುದನ್ನು ರೂಢಿಸಿಕೊಂಡಳು. ಕೆಲವು ತಿಂಗಳಿಂದ ಹಾಗೆ ಒತ್ತಿದ ಪೆಡಲು ಕಾಲಿನ ಕೆಳಗೆ ಮೆಲ್ಲ ಕುಸಿಯತೊಡಗಿತು. ಆಟೊಮ್ಯಾಟಿಕ್ ಗೇರಿನ ಕಾರು, ನಿಂತಲ್ಲಿಂದ ತಾನಾಗಿ ಮುಂದೆ ಜರುಗುತ್ತಿತ್ತು. ಒಂದು ದಿನ ಹೀಗಾದರೆ ನಾಲ್ಕು ದಿನ ಸರಿ, ಮತ್ತೆ ಹೀಗೆ.

ಚೆನ್ನಪ್ಪ ಮೊದಲು ಬ್ರೇಕ್ ಪ್ಯಾಡ್ ಬದಲಿಸಿದ. ಆಮೇಲೆ ಡಿಸ್ಕ್. ಅದಾದ ಮೇಲೆ ಬ್ರೇಕ್ ಆಯಿಲ್ ಹೊಸದು ಹಾಕಿ ಗಾಳಿ ತೆಗೆದ. ಎಲ್ಲೂ ಸೋರಿಕೆಯಿಲ್ಲ. ಪ್ರತಿ ಸಲವೂ ಫೋನು ರಸೆಲ್‌ಗೆ. ಊರಿನ ವಾಡಿಕೆಯಂತೆ ಕ್ರೈಸ್ತ ಗಂಡಸರು ಅವನಿಗೆ ಪೊರ್ಬುಗಳು, ಹೆಂಗಸರು ಬಾಯಮ್ಮ.

"ಪೊರ್ಬುಗಳೇ, ಗಾಡಿ ಫಸ್ಟ್ ಕ್ಲಾಸ್ ಉಂಟು. ಟುಬ್ಲಿ ಇಡೀ ನಾನೇ ಸುತ್ತಿ ಬಂದೆ. ಬಾಯಮ್ಮನಿಗೆ ಹೇಳಿ, ಬ್ರೇಕಿಗೆ ಕಾಲಿಡ್ಲಿಕ್ಕೆ ಹೆದರಬಾರ್ದು ಅಂತ."

ಸ್ಪೀಕರಿನಲ್ಲಿ ಬಂದ ಆ ಮಾತಿಗೆ ರಸೆಲ್ ನಕ್ಕ. ಪಕ್ಕದಲ್ಲಿ ಮೀನು ಕತ್ತರಿಸುತ್ತಿದ್ದ ಡೈನಾ ನಗಲಿಲ್ಲ.

"ನಾನು ಓಡಿಸುವಾಗ ಏನೂ ಆಗುದಿಲ್ಲ ಮಾರಾಯ್ತಿ."

"ನೀನು ಒತ್ತುದಲ್ಲ ರಸೆಲ್, ತುಳಿಯುದು."

"ಮತ್ತೆಂತ, ಬ್ರೇಕಿಗೆ ಮುತ್ತು ಕೊಡ್ಬೇಕಾ?"

ಆಸ್ಪತ್ರೆಯಲ್ಲಿ ರೋಗಿ ಉಸಿರು ಕಟ್ಟುತ್ತದೆ ಎಂದರೆ ಇದೇ ಡೈನಾ ಅವನ ಮಾತು ಕೇಳುತ್ತಾಳೆ. ನೋಡಲು ಬಂದ ನೆಂಟನನ್ನು ಪಕ್ಕಕ್ಕೆ ಕರೆದು "ಇವರು ಹೇಳುವುದು ನಿಜವಾ" ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಅವಳ ಕೆಲಸ ಹೋಗುತ್ತದೆ. ನಮ್ಮ ಗಂಡಸರ ನಡುವೆ ಮಾತ್ರ ಹೀಗೆ ಕೇಳುವುದನ್ನು ವಿಚಾರಿಸುವುದು ಎನ್ನುತ್ತಾರೆ.

ಬುಧವಾರ ಬೆಳಿಗ್ಗೆ ಸಲ್ಮಾನಿಯಾ ಬಳಿಯ ಸಿಗ್ನಲ್ಲಿನಲ್ಲಿ ಡೈನಾಳ ಕಾರೇ ಮೊದಲು. ಕೆಂಪು. ನಿಲ್ಲಿಸಿದಳು. ಅಸ್ನಾ ಮಗ್ಗಿ ಹೇಳುತ್ತಿದ್ದಳು, ಸ್ಪಂದನಾ ಎಡಬಾಗಿಲಿಗೆ ಒರಗಿ ನಿದ್ದೆಗೆ ಜಾರಿದ್ದಳು. ಡೈನಾ ಕನ್ನಡಿಯಲ್ಲಿ ಆ ಮಗುವನ್ನು ನೋಡುತ್ತಿದ್ದಾಗಲೇ ಸೋನಲ್ ಅಂದಳು, "ಮಮ್ಮಾ, ಇಟ್ಸ್ ರೆಡ್."

ಕಾಲು ಬ್ರೇಕಿನ ಮೇಲೇ ಇತ್ತು. ಆದರೆ ಪೆಡಲು ನೆಲ ಮುಟ್ಟಿತ್ತು, ಕಾರಿನ ಮೂತಿ ಬಿಳಿ ಗೆರೆ ದಾಟಿ ಅಡ್ಡರಸ್ತೆಗೆ ಚಾಚಿತ್ತು. ಎಡದಿಂದ ನೀರಿನ ಟ್ಯಾಂಕರ್ ಬರುತ್ತಿತ್ತು. ಅವಳು ಕಾಲೆತ್ತಿ ಮತ್ತೆ ತುಳಿದಳು, ಹ್ಯಾಂಡ್‌ಬ್ರೇಕ್ ಎಳೆದಳು. ಟ್ಯಾಂಕರ್ ಹಾರ್ನ್ ಹೊಡೆಯುತ್ತಾ ಬಾನೆಟ್ಟಿನ ಎದುರೇ ಹಾದುಹೋಯಿತು. ಅದರ ಗಾಳಿಗೆ ಕಾರು ಅದುರಿತು. ಸ್ಪಂದನಾ ಎದ್ದು ವಾಂತಿ ಮಾಡಿದಳು.

ಶಾಲೆಯಿಂದ ವಾಪಸಾದವಳೇ ಇನ್ನು ಈ ಕಾರಿನಲ್ಲಿ ಮಕ್ಕಳನ್ನು ಕರೆದೊಯ್ಯುವುದಿಲ್ಲ ಎಂದು ತಾಯಂದಿರ ಗ್ರೂಪಿಗೆ ಮೆಸೇಜ್ ಹಾಕಿದಳು. ಗುರುವಾರ ಟ್ಯಾಕ್ಸಿಯಲ್ಲಿ ಕಳಿಸಿದರು. ಆ ಸಂಜೆ ಅಪೇಕ್ಷಾಳ ಫೋನು.

"ಸಂಡೇಯಿಂದ ಎಕ್ಸಾಮ್ ಕಣ್ರೀ. ನಿಮ್ ಹಸ್ಬೆಂಡೇ ನಮ್ಮನೆಯವ್ರಿಗೆ ಹೇಳಿದ್ರಂತೆ, ಕಾರ್ ಪರ್ಫೆಕ್ಟ್ ಆಗಿದೆ, ಡೈನಾಗೆ ಸ್ವಲ್ಪ ಟೆನ್ಷನ್ ಅಷ್ಟೆ, ಸಂಡೇ ನಾನೇ ಬಿಡ್ತೀನಿ ಅಂತ."

ಗಂಡನಿಂದ ಗಂಡನಿಗೆ ಸುದ್ದಿ ಹೋಗಿದೆ, ತೀರ್ಮಾನವೂ ಆಗಿದೆ. ಭಾನುವಾರ ಅದೇ ಕಾರು, ಅದೇ ಮಕ್ಕಳು.

"ಟ್ಯಾಂಕರ್ ಬಂದ ಬದಿಯ ಬಾಗಿಲಲ್ಲಿ ನಿಮ್ಮ ಮಗಳು ಮಲಗಿದ್ದಳು ಅಪೇಕ್ಷಾ."

"ಹಾಗಾದ್ರೆ ಏನ್ಮಾಡೋದು?"

"ಭಾನುವಾರಕ್ಕೆ ಮೊದಲು ಹೇಳ್ತೇನೆ."

ರಸೆಲ್ ಜೊತೆ ಅವಳು ಜಗಳ ಆಡಲಿಲ್ಲ. ಶುಕ್ರವಾರ ಇಲ್ಲಿ ವಾರದ ರಜೆ, ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಕೀ ಹಿಡಿದು ಪಾರ್ಕಿಂಗಿಗೆ ಇಳಿದಳು. ಎದುರು ಗೋಡೆಗೆ ಸಾಕಷ್ಟು ಜಾಗ ಬಿಟ್ಟು, ಗೇರಿನಲ್ಲಿಟ್ಟು, ಗಂಡನ ಹಾಗೆ ಬ್ರೇಕ್ ತುಳಿದಳು. ಕಾರು ಕದಲಲಿಲ್ಲ. ಬಿಟ್ಟು, ತನ್ನ ಹಾಗೆ ಒತ್ತಿದಳು. ಪೆಡಲು ಇಳಿಯಿತು, ಕಾರು ಹೊರಟಿತು. ಮತ್ತೆ ತುಳಿದಳು, ನಿಂತಿತು. ಮತ್ತೆ ಹಗುರಾಗಿ ಒತ್ತಿದಳು, ಹೊರಟಿತು. ಬೆವರಿನಲ್ಲಿ ಇಗರ್ಜಿಯ ಸೀರೆ ಬೆನ್ನಿಗೆ ಅಂಟಿತ್ತು. ಒಳಗೆ ಕೆಟ್ಟಿದ್ದು ಏನೆಂದು ಅವಳಿಗೆ ಗೊತ್ತಿರಲಿಲ್ಲ. ಯಾವಾಗ ಕೆಡುತ್ತದೆ ಎಂಬುದು ಗೊತ್ತಾಯಿತು. ತುಳಿಯುವ ಗಂಡಸರಿಗೆ ಅದು ಯಾಕೆ ಸಿಗಲಿಲ್ಲ ಎಂಬುದೂ.

ಶನಿವಾರ ಬೆಳಿಗ್ಗೆ ಹಿಂದಿನ ಸೀಟು ಖಾಲಿ ಇಟ್ಟುಕೊಂಡು, ನಿಧಾನವಾಗಿ, ಬ್ರೇಕ್ ತುಳಿದೇ ನಿಲ್ಲಿಸುತ್ತಾ ಟುಬ್ಲಿಗೆ ಹೋದಳು.

"ಓ ಬಾಯಮ್ಮ, ನೀವೇ ಬಂದ್ರಾ? ಪೊರ್ಬುಗಳು ಎಲ್ಲಿ?"

"ಡ್ಯೂಟಿಯಲ್ಲಿ. ನಾನು ಕೀ ಕೊಡ್ಲಿಕ್ಕೆ ಬಂದದ್ದಲ್ಲ ಚೆನ್ನಪ್ಪಣ್ಣ. ನೀವು ಡ್ರೈವರ್ ಸೀಟಲ್ಲಿ ಕೂತ್ಕೊಳ್ಳಿ, ನಾನು ಪಕ್ಕದಲ್ಲಿ ಕೂರ್ತೇನೆ."

ಚೆನ್ನಪ್ಪ ಕೈಯೊರೆಸಿಕೊಂಡು ಕೂತ. ಇಂಜಿನ್ ಹಾಕಿ, ಗೇರಿಗೆ ಎಳೆದು, ಬ್ರೇಕ್ ತುಳಿದ. "ನೋಡಿ. ಕಲ್ಲು."

"ಹಾಗಲ್ಲ. ಮೆಲ್ಲ ಒತ್ತಿ. ಹಿಂದೆ ಒಂದು ಮಗು ಮಲಗಿದೆ, ಜಗ್ಗಿದ್ರೆ ವಾಂತಿ ಮಾಡ್ತದೆ. ಹಾಗೆ ಎಣಿಸಿ ಒತ್ತಿ."

"ಎಂತ ನಾಟಕ ಬಾಯಮ್ಮ, ನಾನು ಇಪ್ಪತ್ತು ವರ್ಷದಿಂದ..."

ಮಾತು ಅಲ್ಲೇ ನಿಂತಿತು. ಕಾರು ನಿಲ್ಲಲಿಲ್ಲ. ಎದುರಿನ ಪಿಕಪ್ಪಿನ ಕೆಳಗೆ ಇಬ್ಬರು ಮಲಗಿ ಕೆಲಸ ಮಾಡುತ್ತಿದ್ದರು, ಅವರ ಕಾಲುಗಳು ಹೊರಗೆ ಚಾಚಿದ್ದವು. ಚೆನ್ನಪ್ಪ ದಡಕ್ಕನೆ ತುಳಿದ. ಕಾರು ನಿಂತಿತು. ಅವನು ಹಿಂದಕ್ಕೆ ತೆಗೆದು ಇನ್ನೊಮ್ಮೆ ಹಗುರಾಗಿ ಒತ್ತಿದ. ಪೆಡಲು ಮತ್ತೆ ಇಳಿಯಿತು. ಇಂಜಿನ್ ಆಫ್ ಮಾಡಿದ.

"ಮಾಸ್ಟರ್ ಸಿಲಿಂಡರ್ ಹೋಗಿದೆ" ಎಂದ, ಅವಳ ಮುಖ ನೋಡದೆ. "ಬ್ರೇಕ್ ಆಯಿಲ್ ದೂಡುವ ಪಂಪು, ಅದರ ಒಳಗೊಳಗೇ ಲೀಕ್. ಜೋರು ಒತ್ತಿದ್ರೆ ಹಿಡೀತದೆ, ಮೆಲ್ಲ ಒತ್ತಿದ್ರೆ ಬಿಡ್ತದೆ. ಹೊರಗೆ ಸೋರುದಿಲ್ಲ ಅಲ್ವಾ, ಗೊತ್ತಾಗ್ಲಿಲ್ಲ."

ಇಷ್ಟು ಹೇಳಿ ಕಿಸೆಯಿಂದ ಫೋನು ತೆಗೆದು ಯಾರಿಗೆ ಮಾಡಿದ ಎಂದುಕೊಂಡಿರಿ?

"ಪೊರ್ಬುಗಳೇ, ಫಾಲ್ಟ್ ಸಿಕ್ಕಿತು ನೋಡಿ. ನಾನು ಇವತ್ತು ಬೇರೆ ನಮೂನೆ ಚೆಕ್ ಮಾಡಿದೆ."

ಡೈನಾ ಕೈ ಚಾಚಿದಳು. "ಫೋನ್ ಕೊಡಿ."

ಕೊಟ್ಟ.

"ರಸೆಲ್, ಚೆಕ್ ಮಾಡಿದ್ದು ನಾನು. ನಾಳೆ ಇದರಲ್ಲೇ ಮೂರು ಮಕ್ಕಳನ್ನು ಕೂರಿಸ್ಲಿಕ್ಕೆ ನೀನು ಒಪ್ಪಿಕೊಂಡಿದ್ದಿ."

ಪಾತ್ರೆಗಳ ಸದ್ದಿನ ನಡುವೆ ರಸೆಲ್ ಅಂದ, "ಆಯ್ತು, ಹೊಸದು ಹಾಕಿಸು."

"ಅದು ಹಾಕಿಸ್ತೇನೆ. ಅಪೇಕ್ಷಾಳ ಗಂಡನಿಗೆ ನೀನೇ ಫೋನ್ ಮಾಡು. ಡೈನಾಗೆ ಟೆನ್ಷನ್ ಅಲ್ಲ, ಬ್ರೇಕ್ ಹೋಗಿತ್ತು ಅಂತ ಹೇಳು. ಈಗಲೇ."

ಹೊಸ ಸಿಲಿಂಡರ್ ತರಿಸಿ ಕೂರಿಸುವವರೆಗೆ ಅವಳು ಆಫೀಸಿನ ಏಸಿಗೆ ಹೋಗಲಿಲ್ಲ, ಬಾನೆಟ್ಟಿನ ಪಕ್ಕದಲ್ಲೇ ನಿಂತಿದ್ದಳು. ಮುಗಿದ ಮೇಲೆ ಚೆನ್ನಪ್ಪ ಟೆಸ್ಟ್ ಡ್ರೈವಿಗೆಂದು ಕೀ ಕೇಳಿದ. ಡೈನಾ ತಾನೇ ಸ್ಟಿಯರಿಂಗ್ ಹಿಡಿದು ಹಿಂದಿನ ಬಾಗಿಲು ತೋರಿಸಿದಳು.

"ನೀವು ಮಕ್ಕಳು ಕೂರುವಲ್ಲಿ ಕೂತ್ಕೊಳ್ಳಿ. ಬೆಲ್ಟ್ ಹಾಕಿ."

ಚೆನ್ನಪ್ಪ ಮೊಣಕಾಲು ಮಡಚಿಕೊಂಡು ಕೂತ. ಹೆದ್ದಾರಿಯ ಮೊದಲ ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಿತ್ತು, ಎದುರು ಸಿಮೆಂಟ್ ಲಾರಿ. ಡೈನಾ ದೂರದಲ್ಲೇ ಹಗುರಾಗಿ ಒತ್ತತೊಡಗಿದಳು. ಹಿಂದಿನಿಂದ ಅವನ ಕೈ ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದದ್ದು ಅವಳ ಬೆನ್ನಿಗೆ ಗೊತ್ತಾಯಿತು. ಕಾರು ನಿಂತಿತು. ಪೆಡಲು ಕಾಲಿನ ಕೆಳಗೆ ಇದ್ದಲ್ಲೇ ಇತ್ತು.

"ನಿಂತಿತಲ್ಲ ಬಾಯಮ್ಮ" ಎಂದ ಚೆನ್ನಪ್ಪ.

ಡೈನಾ ಕಾಲು ತೆಗೆಯಲಿಲ್ಲ. "ಇನ್ನೂ ಹಸಿರಾಗ್ಲಿಲ್ಲ. ನೋಡುವ."