ಹೆಂಚಿನ ಮೇಲಿನ ಶಾರ್ಕ್ ಹಲ್ಲು

ನಮ್ಮ ಮಂಡ್ಯ ಸೀಮೆಯ ಕಲ್ಲಿನಲ್ಲಿ ಮೀನಿನ ಪಳೆಯುಳಿಕೆ ಹುಡುಕಬೇಡಿ, ಸಿಗುವುದಿಲ್ಲ. ಮೀನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಮ್ಮ ಕಲ್ಲು ಹುಟ್ಟಿತ್ತು. ಮಳವಳ್ಳಿಯ ಕಾಲೇಜಿನಲ್ಲಿ ಪ್ರತಿ ವರ್ಷ ಪ್ರಾಣಿಶಾಸ್ತ್ರದ ಮೊದಲ ಪಾಠವನ್ನು ಹೀಗೇ ಶುರು ಮಾಡುತ್ತೇನೆ. ಮಕ್ಕಳ ಮುಖ ಸಪ್ಪಗಾಗುತ್ತದೆ. ಆಗ ಬೆಂಕಿಪೊಟ್ಟಣ ತೆಗೆದು, ಹತ್ತಿಯೊಳಗಿನ ಶಾರ್ಕ್ ಹಲ್ಲನ್ನು ಅವರ ಅಂಗೈಗೆ ಹಾಕುತ್ತೇನೆ.

ಓದುವ ಕಾಲದಲ್ಲಿ ತಮಿಳುನಾಡಿನ ಅರಿಯಲೂರಿನ ಕೊರಕಲಿನಲ್ಲಿ ನನ್ನ ಕೈಗೇ ಸಿಕ್ಕಿದ್ದು. ಡೈನೋಸಾರ್‌ಗಳಿದ್ದ ಕಾಲದಲ್ಲಿ ಅಲ್ಲಿ ಕಡಲಿತ್ತು. ಶಾರ್ಕಿಗೆ ಇರುವುದು ಮೆದು ಎಲುಬು, ಸತ್ತರೆ ಕೊಳೆತುಹೋಗುತ್ತದೆ. ಹಲ್ಲು ಮಾತ್ರ ಕಲ್ಲಾಗಿ ಉಳಿಯುತ್ತದೆ. ಹುಣಸೆಬೀಜಕ್ಕಿಂತ ಸಣ್ಣದು. ನನ್ನ ಹತ್ತಿರ ಇರುವುದು ಅದೊಂದೇ, ಮತ್ತೆ ಸಿಗುವಂಥದ್ದೂ ಅಲ್ಲ.

ಈ ವರ್ಷ, ಪಾಠದ ಹಿಂದಿನ ಸಂಜೆ, ಬೆಳಕವಾಡಿಯ ನಮ್ಮ ಮನೆಯಲ್ಲಿ ಪೊಟ್ಟಣ ತೆರೆದರೆ ಬರೀ ಹತ್ತಿ. ಪಕ್ಕದಲ್ಲಿ ಇನ್ನೊಂದು ಪೊಟ್ಟಣ, ಅದರಲ್ಲಿ ಮಗಳ ಹಾಲುಹಲ್ಲು. ಬೆಳಿಗ್ಗೆ ಬಿದ್ದದ್ದನ್ನು ಅವಳು ನನ್ನ ಹಾಗೆಯೇ ಹತ್ತಿಯಲ್ಲಿಟ್ಟಿದ್ದಳು.

"ಅವ್ವಾ, ಈ ಪೊಟ್ಟಣದ ಹಲ್ಲೆಲ್ಲಿ?"

"ಇನ್ನೆಲ್ಲಿ? ಸಗಣೀಲಿ ಸುತ್ತಿ ಎಂಚಿನ ಮ್ಯಾಕೆ ಎಸ್ದೆ ಕಣಮ್ಮಿ. ಕೂಸ್ಗೆ ಒಸ ಅಲ್ಲು ಬರಬ್ಯಾಡ್ವಾ?"

ನಮ್ಮ ಕಡೆ ಅದೇ ಪದ್ಧತಿ. ನನ್ನ ಹಾಲುಹಲ್ಲುಗಳೂ ಅಲ್ಲಿಗೇ ಹೋಗಿದ್ದವು.

"ಅದು ಕಪ್ಪಗಿತ್ತಲ್ಲವ್ವಾ! ಕಣ್ಣು ಕಾಣಲ್ವಾ ನಿನಗೆ?"

"ಮಿಠಾಯಿ ತಿಂದೂ ತಿಂದೂ ಉಳುಕಾಗೈತೆ ಅಂದ್ಕಂಡೆ."

ಮೈಯೆಲ್ಲ ಉರಿದುಹೋಯಿತು. ಆಚೆ ಮೋಡ ಕಟ್ಟಿತ್ತು. ಮಳೆ ಬಂದರೆ ಸಗಣಿ ಕರಗಿ, ಹಲ್ಲು ಚರಂಡಿ ಸೇರುತ್ತಿತ್ತು. ಸೆರಗು ಸಿಕ್ಕಿಸಿ ಏಣಿ ಹತ್ತಿದೆ. ಅವ್ವ ಏಣಿ ಹಿಡಿದುಕೊಂಡು ಕೆಳಗಿನಿಂದ "ಬಲಕ್ಕೆ ಕಣಮ್ಮಿ, ಇನ್ನೂ ಮ್ಯಾಕೆ" ಎಂದು ದಾರಿ ಹೇಳುತ್ತಿದ್ದಳು. ಎರಡು ಹೆಂಚು ಒಡೆದವು. ಮೂಲೆಹೆಂಚಿನ ಸಂದಿಯಲ್ಲಿ ಉಂಡೆ ಒಣಗಿ ಕೂತಿತ್ತು. ಮುರಿದೆ. ಒಳಗೆ ಹಲ್ಲು ಚೂರೂ ಮುಕ್ಕಾಗದೆ ಇತ್ತು. ಹೆಂಚಿನ ಮೇಲೆಯೇ ಕೂತು ಅತ್ತುಬಿಟ್ಟೆ.

ತೊಳೆದು ಅವ್ವನ ಅಂಗೈಗೆ ಕೊಟ್ಟೆ. ಪಾಠ ಅಲ್ಲೇ ಶುರುವಾಯಿತು, ನನ್ನ ಬಾಯಿ ಸುಮ್ಮನಿರಬೇಕಲ್ಲ. ಮೊದಲ ಮೀನುಗಳಿಗೆ ದವಡೆಯೇ ಇರಲಿಲ್ಲ, ಹಲ್ಲು ನಮಗೆ ಮೀನುಗಳಿಂದ ಬಂದ ಬಳುವಳಿ, ಶಾರ್ಕಿಗೆ ಒಂದು ಬಿದ್ದರೆ ಹಿಂದಿನ ಸಾಲಿನದು ಮುಂದೆ ಬರುತ್ತದೆ ಎಂದೆಲ್ಲ ಹೇಳಿದೆ.

"ಸಾಯೋ ಗಂಟ?"

"ಹೂಂ, ಸಾಯೋ ಗಂಟ."

"ಮತ್ತೆ ನಮ್ಗ್ಯಾಕೆ ಎರಡೇ ಸಲ?"

"ನಾವು ಅಗಿದು ತಿನ್ನೋರು ಕಣವ್ವ. ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ಕೂರಬೇಕು. ಆಗಾಗ ಉದುರ್ತಿದ್ರೆ ಆಗಲ್ಲ."

ನನ್ನ ಉತ್ತರ ಸರಿಯಾಗಿಯೇ ಇತ್ತು. ಅವ್ವ ಎದ್ದು ಹೋಗಿ ಹಿಡಿ ಸಗಣಿ ತಂದಳು. ಮಗಳ ಹಾಲುಹಲ್ಲನ್ನು ಅದರೊಳಗಿಟ್ಟಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಇನ್ನೊಂದನ್ನು ತೆಗೆದಳು. ಉದ್ದನೆಯದು, ಎಲೆಅಡಿಕೆಯ ಕರೆ ಹಿಡಿದದ್ದು.

"ಓದ್ ವಾರ ನಂದೂ ಒಂದ್ ಬಿತ್ತು. ಮುಂದ್ಗಡೇದು. ಇದ್ನೂ ಸೇರ್ಸ್ಲಾ?"

ಒಂದು ವಾರದಿಂದ ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದುದು ಆಗ ನೆನಪಾಯಿತು.

ಎರಡೂ ಹಲ್ಲು ಸೇರಿದ ಉಂಡೆಯನ್ನು ನಾನೇ ಇಸಿದುಕೊಂಡೆ. ಮಳೆ ಹನಿಯಲು ಶುರುವಾಗಿತ್ತು. ಅಂಗಳಕ್ಕಿಳಿದು, ಇದ್ದ ಬಲವೆಲ್ಲ ಹಾಕಿ ಹೆಂಚಿನ ಮೇಲಕ್ಕೆ ಎಸೆದೆ.